ತರಗತಿಯಲ್ಲಿ ಪ್ರತಿಭೆ ತೋರಿಸಲು ಬಿಟ್ಟರೆ ಮಕ್ಕಳ ಆತ್ಮವಿಶ್ವಾಸ ನಿಜಕ್ಕೂ ಹೆಚ್ಚುತ್ತದೆಯೇ?

ಹೆಚ್ಚುತ್ತದೆ. ಆದರೆ ಹೇಗೆ ಅವಕಾಶ ಕೊಡುತ್ತೇವೆ ಅನ್ನುವುದು ಮುಖ್ಯ.

ನಮ್ಮ ಶಾಲೆಗಳಲ್ಲಿ ಪ್ರತಿಭಾ ಕಾರಂಜಿ ಇದೆ, ಒಳ್ಳೆಯದೇ. ಆದರೆ ಅದು ಸ್ಪರ್ಧೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಅಂತ ಮೇಲೆ ಹೋದಂತೆ ಮಕ್ಕಳು ಕಮ್ಮಿಯಾಗುತ್ತಾರೆ. ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತ ಹುಡುಗಿಗೆ ಬೇಕಿರುವುದು ತನ್ನದೇ ತರಗತಿಯಲ್ಲಿ, ಬಹುಮಾನದ ಗೊಡವೆಯಿಲ್ಲದ ಹತ್ತು ನಿಮಿಷ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಇದರ ಬಗ್ಗೆ ಬರೆದರು. ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಹುಟ್ಟುವ 4 ದಾರಿಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಸ್ವತಃ ಮಾಡಿ ಗೆದ್ದ ಅನುಭವ. ತನ್ನಂಥವರೇ ಮಾಡುವುದನ್ನು ನೋಡುವುದು ಇನ್ನೊಂದು. ತರಗತಿಯಲ್ಲಿ ಇವೆರಡೂ ಒಟ್ಟಿಗೆ ಸಿಗುತ್ತವೆ, ಅಲ್ವಾ?

ಪ್ರತಿಭೆ ಅಂದರೆ ಹಾಡು, ಡ್ಯಾನ್ಸ್ ಮಾತ್ರ ಅಲ್ಲ. ಹೂ ಕಟ್ಟುವುದು, ಸೈಕಲ್ ಪಂಕ್ಚರ್ ಹಾಕುವುದು, ಒಗಟು ಹೇಳುವುದು, ಚುಕ್ಕಿ ರಂಗೋಲಿ ಎಲ್ಲವೂ ಸೇರಲಿ. ಹೂ ಕಟ್ಟಲು ಬರುವವಳು ಉಳಿದವರಿಗೆ ಕಲಿಸಲಿ. ಗಣಿತದಲ್ಲಿ ಹಿಂದಿರುವ ಮಗುವೂ ಆ ದಿನ ಟೀಚರ್ ಆಗುತ್ತದೆ. ಅದರ ಮುಖ ಅರಳುವುದನ್ನು ನೀವೇ ನೋಡಿ.

ನಾಚುವ ಮಗುವನ್ನು ಬಲವಂತವಾಗಿ ಎಲ್ಲರೆದುರು ನಿಲ್ಲಿಸಬೇಡಿ. ಎದೆ ಡವಡವ ಅನ್ನುವಾಗ ‘ನನ್ನಿಂದ ಆಗಲ್ಲ’ ಅನಿಸುವುದೇ ಜಾಸ್ತಿ. ಮೊದಲು ಪಕ್ಕದ ಗೆಳತಿಗೆ ತೋರಿಸಲಿ, ಆಮೇಲೆ ನಾಲ್ಕೈದು ಜನರಿಗೆ, ನಂತರ ಇಡೀ ತರಗತಿಗೆ. ಅಂಕ ಬೇಡ, ಹೋಲಿಕೆ ಬೇಡ. ಬರೀ ‘ಸೂಪರ್’ ಅನ್ನುವ ಬದಲು ‘ಗಂಟು ಎಷ್ಟು ಬಿಗಿಯಾಗಿ ಹಾಕಿದ್ದೀಯ’ ಎಂದು ಕಣ್ಣಿಗೆ ಕಂಡದ್ದನ್ನೇ ಹೇಳಿ.