ಆರ್‌ಟಿಐ ಪ್ರತಿಯಲ್ಲಿ ಬಾತ್ಮೀದಾರನ ಹೆಸರು ಮುಚ್ಚಲು ಮಾರ್ಕರ್ ಒಳ್ಳೆಯದೋ, ಪಿಡಿಎಫ್‌ನಲ್ಲೇ ಕಪ್ಪು ಬಳಿಯುವುದೋ?

ಹೆಸರು ಮುಚ್ಚಿದರೆ ಸಾಕು ಅಂದುಕೊಂಡಿದ್ದೀರಿ, ತಪ್ಪು ಅಲ್ಲೇ ಇದೆ. ಮಾಹಿತಿ ಅಧಿಕಾರಿಯಾಗಿದ್ದಾಗ ನಾನೂ ಹಾಗೇ ಅಂದುಕೊಂಡಿದ್ದೆ. ದಾಳಿಯ ಕಡತ, 14 ಹಾಳೆ, ಹೆಸರು ಬಂದಲ್ಲೆಲ್ಲ ಮಾರ್ಕರ್ ಎಳೆದೆ. ಒಂದು ಸಾಲು ಬಿಟ್ಟೆ: ‘ರಾತ್ರಿ 9.40ಕ್ಕೆ ಬಾತ್ಮೀದಾರ ಫೋನ್ ಮಾಡಿ, ಲಾರಿಗೆ ಲೋಡ್ ಆಗುತ್ತಿದೆ ಎಂದು ತಿಳಿಸಿದನು.’ ಆ ಹೊತ್ತಿಗೆ ಅಲ್ಲಿದ್ದವರು ಡ್ರೈವರ್, ಕ್ಲೀನರ್, ಇಬ್ಬರು ಹಮಾಲರು. ಮೂವರು ಬಂಧಿತರು, ಉಳಿದವನೊಬ್ಬ. ಅವನು ಹೆಂಡತಿ ಮಕ್ಕಳೊಂದಿಗೆ ಊರು ಬಿಡಬೇಕಾಯಿತು. ನಾನು ಕಡತವನ್ನು ಅಧಿಕಾರಿಯಾಗಿ ಓದಿದ್ದೆ; ಪ್ರತಿ ಕೇಳಿದವನಿಗೆ ಆ ರಾತ್ರಿ ಲಾರಿ ಪಕ್ಕ ಯಾರ್ಯಾರಿದ್ದರೆಂದು ಗೊತ್ತಿತ್ತು.

ಹಾಗಾಗಿ ಆರೋಪಿಯ ಕಣ್ಣಿನಿಂದ ಓದಿ. ಸಮಯ, ನಿಂತು ನೋಡಿದ ಜಾಗ, ಫೋನೋ ಖುದ್ದು ಬಂದದ್ದೋ, ಬಾತ್ಮೀದಾರನಿಗೆ ಕೊಟ್ಟ ಬಹುಮಾನದ ಮೊತ್ತ, ಅದರ ವೋಚರ್ ದಿನಾಂಕ, ಎಲ್ಲ ತೆಗೆಯಿರಿ. ಲೆಕ್ಕ ಶಾಖೆಗೆ ಇನ್ನೊಂದು ಅರ್ಜಿ ಹಾಕಿ ನಗದು ಪುಸ್ತಕ ತರಿಸಿದರೆ ದಿನಾಂಕ ತಾಳೆಯಾಗುತ್ತದೆ. ಕನ್ನಡದಲ್ಲಿ ಕ್ರಿಯಾಪದವೂ ಬಾಯಿ ಬಿಡುತ್ತದೆ: ‘ತಿಳಿಸಿದಳು’ ಎಂದಿದ್ದರೆ ಊರಿನ ಅರ್ಧ ಜನ ಲೆಕ್ಕದಿಂದ ಹೊರಗೆ. ಹೆಸರಿನಷ್ಟೇ ಉದ್ದ ಕಪ್ಪು ಎಳೆಯಬೇಡಿ, ಇಡೀ ಸಾಲು ಮುಚ್ಚಿ.

ಮಾರ್ಕರ್ ಎಳೆದ ಹಾಳೆಯನ್ನೇ ಕೊಟ್ಟರೆ ಬೆಳಕಿಗೆ ಹಿಡಿದಾಗ ಅಕ್ಷರ ಕಾಣುತ್ತದೆ. ಪಿಡಿಎಫ್ ಮೇಲೆ ಬರೀ ಕಪ್ಪು ಚೌಕ ಕೂರಿಸಿದರೆ ಕೆಳಗಿನ ಪಠ್ಯ ಹಾಗೇ ಇರುತ್ತದೆ. 2019ರ ಜನವರಿಯಲ್ಲಿ ಅಮೆರಿಕದಲ್ಲಿ ಟ್ರಂಪ್‌ರ ಚುನಾವಣಾ ಪ್ರಚಾರದ ಮಾಜಿ ಮುಖ್ಯಸ್ಥ ಪಾಲ್ ಮ್ಯಾನಫರ್ಟ್ ವಕೀಲರು ಕೋರ್ಟಿಗೆ ಸಲ್ಲಿಸಿದ ದಾಖಲೆಯಲ್ಲಿ ಮುಚ್ಚಿದ್ದೆಲ್ಲ ಕಾಪಿ-ಪೇಸ್ಟ್ ಮಾಡಿದ ಕೂಡಲೇ ಹೊರಬಿತ್ತು. ಪ್ರಿಂಟ್ ತೆಗೆದು, ಆ ಸಾಲಿನ ಮೇಲೆ ದಪ್ಪ ಕಾಗದ ಅಂಟಿಸಿ, ಜೆರಾಕ್ಸ್ ಮಾಡಿ, ಆ ಜೆರಾಕ್ಸನ್ನೇ ಕೊಡಿ.

ಹೆದರಿ ಇಡೀ ಕಡತ ನಿರಾಕರಿಸಬೇಡಿ, ಅರ್ಜಿದಾರನಿಗೂ ಹಕ್ಕಿದೆ. ಮುಚ್ಚಿದ್ದಕ್ಕೆ ಆರ್‌ಟಿಐ ಕಾಯ್ದೆಯ ಸೆಕ್ಷನ್ 8(1)(ಜಿ), ಅಂದರೆ ಗುಟ್ಟಾಗಿ ಸುಳಿವು ಕೊಟ್ಟವರ ಗುರುತು ಬಯಲಾಗುವ ಮಾಹಿತಿಗೆ ಇರುವ ವಿನಾಯಿತಿಯನ್ನು ಕಾರಣವಾಗಿ ಬರೆದು, ಉಳಿದದ್ದನ್ನು ಭಾಗಶಃ ಕೊಡಲು ಅವಕಾಶವಿರುವ ಸೆಕ್ಷನ್ 10ರಡಿ ಕೊಡಿ.

ಹಳೆಯ ಕಡತವಾದರೆ ಇನ್ನೂ ಎಚ್ಚರ. ಅರ್ಜಿಯ ದಿನಕ್ಕೆ 20 ವರ್ಷ ಕಳೆದ ಘಟನೆಗೆ 8(1)ರ ವಿನಾಯಿತಿಗಳಲ್ಲಿ ಎ, ಸಿ, ಐ ಮಾತ್ರ ಉಳಿಯುತ್ತವೆ ಎನ್ನುತ್ತದೆ 8(3). ‘ಜಿ’ ಆ ಪಟ್ಟಿಯಲ್ಲಿಲ್ಲ, ಹಾಗಾಗಿ ಹೆಸರು ಮುಚ್ಚಲು ಆ ಕಾರಣ ಕೊಡಲಾಗದು. ಬಾತ್ಮೀದಾರ ಅದೇ ಬೀದಿಯಲ್ಲಿ ಬದುಕಿರಬಹುದು. ಹೊಸ ಕಡತಗಳಲ್ಲಾದರೂ ಟಿಪ್ಪಣಿ ಹಾಳೆಯಲ್ಲಿ ಹೆಸರು ಬರೆಯದೆ ಸಂಕೇತ ಸಂಖ್ಯೆ ಹಾಕಿಸಿ.