ಮೂರೂವರೆ ವರ್ಷದ ಮಗುವಿನೊಂದಿಗೆ ಪೆನಾಂಗ್ ದ್ವೀಪ: ನಗರ, ಹಳ್ಳಿ ಎರಡನ್ನೂ ನೋಡಲು ಎಲ್ಲಿ ಉಳಿಯಬೇಕು?

ಮೂರೂವರೆ ವರ್ಷದ ಮಗನನ್ನು ಕರೆದುಕೊಂಡು ಒಂದು ವಾರದ ಮಟ್ಟಿಗೆ ಮಲೇಷ್ಯಾದ ಪೆನಾಂಗ್ ದ್ವೀಪಕ್ಕೆ ಹೊರಟಿರುವ ನೀವು, ಜಾರ್ಜ್ ಟೌನ್ ನಗರವನ್ನೂ ದ್ವೀಪದ ಹಳ್ಳಿಗಳನ್ನೂ ಒಂದೇ ಪ್ರವಾಸದಲ್ಲಿ ನೋಡಬಹುದೇ, ಬಾಟು ಫೆರಿಂಗಿಯ ಕಡಲತೀರದ ಹೋಟೆಲೊಂದರಲ್ಲಿ ಉಳಿದುಕೊಂಡು ದಿನವೂ ಅಲ್ಲಿಂದ ಹೋಗಿ ಬರುವುದು ಸರಿಯೇ ಎಂದು ಕೇಳಿದ್ದೀರಿ. ಎರಡನ್ನೂ ಧಾರಾಳವಾಗಿ ನೋಡಬಹುದು. ಆದರೆ ಕಡಲತೀರದಲ್ಲಿ ಉಳಿದು ದಿನವೂ ಓಡಾಡುವ ಯೋಜನೆಯನ್ನು ಕೈಬಿಟ್ಟು, ಮೊದಲ ಕೆಲವು ದಿನ ಜಾರ್ಜ್ ಟೌನ್‌ನಲ್ಲಿ, ಉಳಿದ ದಿನ ದ್ವೀಪದ ಪಶ್ಚಿಮಕ್ಕಿರುವ ಬಾಲಿಕ್ ಪುಲಾವ್ ಸುತ್ತಮುತ್ತ ಉಳಿಯಿರಿ ಎಂಬುದು ನನ್ನ ಸಲಹೆ. ನಾವು ಹೋದಾಗ ನಮ್ಮ ಮಗಳಿಗೂ ಹೆಚ್ಚುಕಡಿಮೆ ಅದೇ ವಯಸ್ಸು. ಮೊಣಕಾಲು ನೋವಿರುವ ನನ್ನ ತಾಯಿಯವರೂ ಜೊತೆಯಲ್ಲಿದ್ದರು. ಇಬ್ಬರಿಗೂ ಹೊಂದುವಂತೆ ದಿನಚರಿ ರೂಪಿಸಲು ನಮಗೆ ನೆರವಾದದ್ದು ಈ ಎರಡು ತಂಗುದಾಣಗಳ ಏರ್ಪಾಡು.

ಇದಕ್ಕೆ ಕಾರಣ ದ್ವೀಪದ ಭೂರಚನೆಯಲ್ಲಿದೆ. ಪೆನಾಂಗ್ ದ್ವೀಪದ ವಿಸ್ತೀರ್ಣ ಸುಮಾರು 300 ಚದರ ಕಿಲೋಮೀಟರ್ ಮಾತ್ರ. ನಕ್ಷೆಯಲ್ಲಿ ನೋಡಿದರೆ ಎಲ್ಲವೂ ಪಕ್ಕಪಕ್ಕದಲ್ಲಿರುವಂತೆ ಕಾಣುತ್ತದೆ. ಆದರೆ ನಡುವೆ ಉತ್ತರ ದಕ್ಷಿಣವಾಗಿ ಬೆಟ್ಟಗಳ ಸಾಲು ಹಬ್ಬಿದ್ದು, ಪೂರ್ವದ ನಗರವನ್ನೂ ಪಶ್ಚಿಮದ ಗದ್ದೆ ತೋಟಗಳನ್ನೂ ಅದು ಬೇರ್ಪಡಿಸುತ್ತದೆ. ಬಾಟು ಫೆರಿಂಗಿಯ ಆಚೆ, ವಾಯವ್ಯ ಮೂಲೆಯ ತೆಲುಕ್ ಬಹಾಂಗ್‌ನಿಂದ ಬಾಲಿಕ್ ಪುಲಾವ್‌ಗೆ ಹೋಗುವ ಬೆಟ್ಟದ ದಾರಿ ತುಂಬ ತಿರುವುಗಳಿಂದ ಕೂಡಿದೆ. ಪ್ರಯಾಣದಲ್ಲಿ ವಾಂತಿ ಮಾಡಿಕೊಳ್ಳುವ ಮಗುವನ್ನು ದಿನಕ್ಕೆರಡು ಬಾರಿ ಆ ದಾರಿಯಲ್ಲಿ ಕರೆದೊಯ್ಯುವುದು ಬೇಡ. ಕಡಲತೀರದಿಂದ ಒಂದೇ ದಿನದಲ್ಲಿ ದ್ವೀಪಪ್ರದಕ್ಷಿಣೆ ಮಾಡಿಸುವ ಪ್ಯಾಕೇಜುಗಳಲ್ಲಿ ಹಳ್ಳಿಗಳು ಕಿಟಕಿಯಾಚೆ ಸರಿದು ಹೋಗುತ್ತವೆಯೇ ಹೊರತು, ಮಗುವಿಗೆ ಅಲ್ಲಿ ಕಾಲೂರುವ ಅವಕಾಶವೇ ಸಿಗುವುದಿಲ್ಲ.

ಜಾರ್ಜ್ ಟೌನ್ 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಲೈಟ್ ಸ್ಥಾಪಿಸಿದ ಬಂದರು ಪಟ್ಟಣ. 2008ರಲ್ಲಿ ಮಲಕ್ಕಾದೊಂದಿಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಳೆಯ ಪೇಟೆಯನ್ನು ನಡೆದೇ ನೋಡಬೇಕು, ಆದರೆ ಮಗುವಿನೊಂದಿಗೆ ಅದು ಬೆಳಗಿನ ಹೊತ್ತಿನ ಕೆಲಸ. ಏಳು ಗಂಟೆಯ ಸುಮಾರಿಗೆ ಹೊರಟು ಹತ್ತೂವರೆಯೊಳಗೆ ಕೋಣೆಗೆ ಮರಳುವುದೆಂದು ನಾವು ನಿಯಮ ಮಾಡಿಕೊಂಡಿದ್ದೆವು. ಆಮೇಲಿನ ಬಿಸಿಲು ಮತ್ತು ಸೆಕೆ ದೊಡ್ಡವರನ್ನೇ ಬಸವಳಿಸುತ್ತವೆ. ಸಾಲು ಅಂಗಡಿಮನೆಗಳ ಮುಂದೆ ಸುಮಾರು ಐದಡಿ ಅಗಲದ, ಮೇಲೆ ಮಾಡು ಹೊದಿಸಿದ ಜಗಲಿಗಳಿವೆ. ಬಿಸಿಲು ಮಳೆಗೆ ಅವು ಒಳ್ಳೆಯ ಆಸರೆ. ಆದರೆ ಒಂದು ಅಂಗಡಿಯಿಂದ ಮುಂದಿನದಕ್ಕೆ ಜಗಲಿಯ ಎತ್ತರ ಬದಲಾಗುತ್ತದೆ, ನಡುವೆ ಮೋಟಾರ್ ಸೈಕಲ್ ನಿಲ್ಲಿಸಿರುತ್ತಾರೆ, ಪಕ್ಕದಲ್ಲೇ ಆಳವಾದ ಚರಂಡಿ ಇರುತ್ತದೆ. ಆದ್ದರಿಂದ ಮಗುವಿನ ತಳ್ಳುಗಾಡಿಯನ್ನು ಮನೆಯಲ್ಲಿಯೇ ಬಿಟ್ಟು, ಮಗು ಸೋತಾಗ ಬೆನ್ನಿಗೋ ಎದೆಗೋ ಕಟ್ಟಿಕೊಳ್ಳುವ ಚೀಲವೊಂದನ್ನು ಒಯ್ಯಿರಿ. ನನ್ನ ತಾಯಿಯವರಿಗೆ ಮೂರು ಚಕ್ರದ ಸೈಕಲ್ ರಿಕ್ಷಾ ಹೆಚ್ಚು ಹಿಡಿಸಿತು. ಅಲ್ಲಿ ಸವಾರಿ ಮಾಡುವವರು ಮುಂದೆ, ತುಳಿಯುವವರು ಹಿಂದೆ ಇರುವುದರಿಂದ ಅಜ್ಜಿಯ ತೊಡೆಯ ಮೇಲೆ ಕುಳಿತ ಮಗುವಿಗೆ ಇಡೀ ಬೀದಿ ಎದುರಿನಲ್ಲೇ ತೆರೆದುಕೊಳ್ಳುತ್ತದೆ. ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ.

ನೋಡಬೇಕಾದವುಗಳ ಪಟ್ಟಿ ಉದ್ದವಾಗಿದ್ದರೂ, ಆ ವಯಸ್ಸಿನ ಮಗುವಿಗೆ ಬೆಳಗ್ಗೆ ಒಂದು ಬೀದಿ ಸಾಕು. ಕಪಿತಾನ್ ಕೆಲಿಂಗ್ ಮಸೀದಿಯ ಹೆಸರಿನ ರಸ್ತೆಯ ಆಸುಪಾಸಿನಲ್ಲಿ, ಕೆಲವೇ ನಿಮಿಷಗಳ ನಡಿಗೆಯ ಅಂತರದಲ್ಲಿ, 1818ರ ಸೇಂಟ್ ಜಾರ್ಜ್ ಚರ್ಚ್, ಕರುಣಾದೇವತೆಯ ಚೀನೀ ಗುಡಿ, 1833ರ ಮಹಾಮಾರಿಯಮ್ಮನ ದೇವಾಲಯ ಮತ್ತು ಆ ಮಸೀದಿ ಇವೆ. ಇದರ ಚರಿತ್ರೆ ಮಗುವಿಗೆ ಬೇಕಿಲ್ಲ. ಚೀನೀ ಗುಡಿಯ ಅಂಗಳದಲ್ಲಿ ಹೊಗೆಯಾಡುವ ಭಾರೀ ಊದುಬತ್ತಿಗಳು, ಮಾರಿಯಮ್ಮನ ಗುಡಿಯ ಬಳಿ ಹೂ ಕಟ್ಟುವ ಕೈಗಳು, ಚರ್ಚಿನ ಹುಲ್ಲುಹಾಸಿನಲ್ಲಿ ಓಡಲು ಸಿಗುವ ಜಾಗ, ಇವುಗಳಲ್ಲಿ ಅದು ತಾನಾಗಿ ಮಗ್ನವಾಗುತ್ತದೆ. 2012ರಲ್ಲಿ ಲಿಥುವೇನಿಯಾ ಮೂಲದ ಅರ್ನೆಸ್ಟ್ ಜಕರೇವಿಚ್ ಬರೆದ ಗೋಡೆಚಿತ್ರಗಳು ಮಕ್ಕಳಿಗೆಂದೇ ಹೇಳಿ ಮಾಡಿಸಿದಂತಿವೆ. ಅರ್ಮೇನಿಯನ್ ಬೀದಿಯಲ್ಲಿ ಗೋಡೆಗೆ ನಿಜವಾದ ಹಳೆಯ ಸೈಕಲ್ಲನ್ನೇ ಜೋಡಿಸಿ, ಅದರ ಮೇಲೆ ಅಕ್ಕ ತಮ್ಮಂದಿರು ಕುಳಿತಂತೆ ಬಣ್ಣದಲ್ಲಿ ಬರೆದಿದ್ದಾರೆ. ಬೇಗ ಹೋದರೆ ಸಾಲಿನಲ್ಲಿ ಕಾಯಬೇಕಾಗಿಲ್ಲ.

ಸಮುದ್ರದ ಮೇಲೆ ಕಂಬಗಳನ್ನೂರಿ ಚೀನೀ ಕುಲಗಳವರು ಮನೆ ಕಟ್ಟಿಕೊಂಡ ಮರದ ಕಟ್ಟೆಗಳಿಗೂ ಹೋಗಿ. ಚ್ಯೂ ಕುಲದವರದ್ದು ಹೆಚ್ಚು ಹೆಸರುವಾಸಿ. ಹಲಗೆಗಳ ಸಂದಿನಲ್ಲಿ ಕೆಳಗಿನ ನೀರು ಕಾಣುವುದೇ ಮಗುವಿಗೆ ದೊಡ್ಡ ವಿಸ್ಮಯ. ಆದರೆ ಎಲ್ಲ ಕಡೆ ಕಟಕಟೆ ಇಲ್ಲದ ಕಾರಣ ಕೈ ಬಿಡಬಾರದು. ಅವು ಜನ ವಾಸಿಸುವ ಮನೆಗಳೆಂಬುದನ್ನು ನೆನಪಿಟ್ಟು, ತೆರೆದ ಬಾಗಿಲುಗಳ ಒಳಗೆ ಕ್ಯಾಮೆರಾ ತಿರುಗಿಸಬೇಡಿ. ಹತ್ತಿರದಲ್ಲೇ ಬಟರ್‌ವರ್ತ್‌ಗೆ ಹೋಗುವ ಫೆರ್ರಿಯ ನಿಲ್ದಾಣವಿದೆ. 1894ರಿಂದ ನಡೆಯುತ್ತಿರುವ ಈ ದೋಣಿಸೇವೆಯಲ್ಲಿ ಸುಮ್ಮನೆ ಹೋಗಿ ಬಂದರೂ ಒಂದು ಸಂಜೆ ಸಾರ್ಥಕವಾಗುತ್ತದೆ.

ಮಧ್ಯಾಹ್ನ ನಿದ್ದೆ ಮಾಡಿಸಿ ಎದ್ದ ಮೇಲಿನ ಹೊತ್ತಿಗೆ ಪೆನಾಂಗ್ ಬೆಟ್ಟ ಸೂಕ್ತ. 1923ರಲ್ಲಿ ಶುರುವಾದ, ಕೇಬಲ್ ಎಳೆಯುವ ಅಲ್ಲಿನ ರೈಲು ಈಗ ಕೆಳಗಿನಿಂದ ಮೇಲಿನವರೆಗೆ ಎಲ್ಲಿಯೂ ಬದಲಿಸದೆ ಕರೆದೊಯ್ಯುತ್ತದೆ. ಮೇಲೆ ತಂಪಾಗಿರುತ್ತದೆ. ಶಾಲೆಗಳ ರಜಾದಿನ ಮತ್ತು ವಾರಾಂತ್ಯಗಳನ್ನು ತಪ್ಪಿಸಿ. ಕೈಯಲ್ಲಿ ತಿಂಡಿ ಹಿಡಿದ ಮಕ್ಕಳ ಬಳಿಗೆ ಕೋತಿಗಳು ಧೈರ್ಯವಾಗಿ ಬರುತ್ತವೆ, ಆದ್ದರಿಂದ ಪೊಟ್ಟಣಗಳನ್ನು ಚೀಲದೊಳಗೇ ಇಡಿ.

ಊಟದ ವಿಷಯದಲ್ಲಿ ಒಂದೇ ಎಚ್ಚರಿಕೆ ಸಾಕು. ನೀವು ಸಸ್ಯಾಹಾರಿಗಳಾಗಿದ್ದರೆ, ತರಕಾರಿಯಂತೆ ಕಾಣುವ ಪದಾರ್ಥಗಳಲ್ಲೂ ಸೀಗಡಿಯನ್ನು ಹುದುಗಿಸಿ ಮಾಡಿದ ಬೆಲಚಾನ್ ಬೆರೆತಿರುವುದು ಅಲ್ಲಿ ಸಾಮಾನ್ಯ. ಲಕ್ಸಾ ಎಂಬ ಹೆಸರಾಂತ ನೂಡಲ್ಸ್ ಖಾದ್ಯದ ಸಾರಿನಲ್ಲಿ ಮೀನೇ ಮುಖ್ಯ. ಜಾರ್ಜ್ ಟೌನ್‌ನ ಭಾರತೀಯರ ಪೇಟೆಯಾದ ಲಿಟಲ್ ಇಂಡಿಯಾದಲ್ಲಿ ಇಡ್ಲಿ, ದೋಸೆ, ಅನ್ನ ಸಾರು ಸುಲಭವಾಗಿ ದೊರೆಯುವುದರಿಂದ ಮಗು ಹಸಿದಿರಬೇಕಾದ ಪ್ರಸಂಗ ಬರುವುದಿಲ್ಲ. ಬೌದ್ಧರ ಸಸ್ಯಾಹಾರಿ ಹೋಟೆಲುಗಳೂ ಇವೆ.

ಇನ್ನು ಹಳ್ಳಿಗಳು. ಪ್ರವಾಸದ ಈ ಅರ್ಧವನ್ನು ಬಹಳ ಮಂದಿ ಒಂದು ಮಧ್ಯಾಹ್ನಕ್ಕೆ ಮೊಟಕುಗೊಳಿಸುತ್ತಾರೆ. ಮಕ್ಕಳಿರುವವರು ಹಾಗೆ ಮಾಡಬಾರದೆಂದು ನಾನು ಒತ್ತಿ ಹೇಳುತ್ತೇನೆ. ನಗರದಲ್ಲಿ ಮಗು ಸದಾ ನಮ್ಮ ಕೈ ಹಿಡಿದಿರಬೇಕು, ಏನನ್ನೂ ಮುಟ್ಟಬಾರದು, ವಾಹನ ಬಂದಾಗ ಸರಿಯಬೇಕು. ಬಾಲಿಕ್ ಪುಲಾವ್ ಕಡೆ ಬಂದ ಕೂಡಲೇ ಅದಕ್ಕೆ ತನ್ನದೇ ವೇಗದಲ್ಲಿ ನಡೆಯುವ ಸ್ವಾತಂತ್ರ್ಯ ಸಿಗುತ್ತದೆ. ಬಾಲಿಕ್ ಪುಲಾವ್ ಒಂದು ಸಣ್ಣ ಪೇಟೆ. ಬೆಳಗ್ಗೆ ಸಂತೆಕಟ್ಟೆಯಲ್ಲಿ ತರಕಾರಿ, ಮೀನು, ಹಣ್ಣುಗಳ ವ್ಯಾಪಾರ ನಡೆಯುತ್ತದೆ. ಅದನ್ನು ದಾಟಿ ಸುಂಗೈ ಬುರುಂಗ್ ಕಡೆಗೆ ಹೋದರೆ ಭತ್ತದ ಗದ್ದೆಗಳು, ಅವುಗಳ ನಡುವೆ ಕಿರಿದಾದ ಸಮತಟ್ಟು ರಸ್ತೆಗಳು, ನೆಲದಿಂದ ಎತ್ತರಿಸಿ ಕಟ್ಟಿದ ಮಲಯ್ ಮನೆಗಳು. ಪುಲಾವ್ ಬೆತೊಂಗ್‌ನಲ್ಲಿ ಮೀನುಗಾರರ ದೋಣಿಗಳು ತಂಗುತ್ತವೆ. ಮಗುವನ್ನು ಕೂರಿಸುವ ಆಸನವಿರುವ ಸೈಕಲ್ ಸಿಗುತ್ತದೆಯೇ ಎಂದು ಉಳಿಯುವ ಮನೆಯವರನ್ನು ಮುಂಚಿತವಾಗಿ ಕೇಳಿ. ಸಿಕ್ಕರೆ ಬೆಳಗ್ಗೆ ಒಂದು ಗಂಟೆ ಕಾಲ ಗದ್ದೆಬದಿಯಲ್ಲಿ ಸುತ್ತುವುದಕ್ಕಿಂತ ಒಳ್ಳೆಯ ಕಾರ್ಯಕ್ರಮ ಇನ್ನೊಂದಿಲ್ಲ.

ನಮ್ಮ ಮಗಳನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಜಾಯಿಕಾಯಿ. ಬೆಟ್ಟದ ಇಳಿಜಾರಿನ ತೋಟಗಳಲ್ಲಿ ಜಾಯಿಕಾಯಿ, ಲವಂಗ ಮತ್ತು ದುರಿಯನ್ ಎಂಬ ಹಣ್ಣನ್ನು ಬೆಳೆಯುತ್ತಾರೆ. ಜಾಯಿಕಾಯಿಯ ಹಳದಿ ಹಣ್ಣು ಬಿರಿದಾಗ ಒಳಗೆ ಕಪ್ಪು ಬೀಜವನ್ನು ಅಪ್ಪಿಕೊಂಡಿರುವ ಕೆಂಪು ಜಾಪತ್ರೆಯನ್ನು ಆಕೆಯ ಅಜ್ಜಿ ಬಿಡಿಸಿ ತೋರಿಸಿ, ಅಡುಗೆಮನೆಯ ಡಬ್ಬಿಯಲ್ಲಿರುವುದು ಇದೇ ಎಂದು ಹೇಳಿದಾಗ ಅವಳು ಬಹಳ ಹೊತ್ತು ಅದನ್ನು ಕೈಯಲ್ಲಿ ಹಿಡಿದು ಮೂಸುತ್ತಲೇ ಇದ್ದಳು. ಹಣ್ಣಿನ ತಿರುಳಿನಿಂದ ಮಾಡಿದ ಪಾನಕವೂ ಉಪ್ಪಿನಲ್ಲಿ ಊರಿಸಿ ಒಣಗಿಸಿದ ಚೂರುಗಳೂ ಅಲ್ಲಿ ಮಾರಾಟಕ್ಕಿವೆ. ದುರಿಯನ್ ಕಾಲ ಸಾಮಾನ್ಯವಾಗಿ ಮೇ ಕೊನೆಯಿಂದ ಜುಲೈವರೆಗೆ. ಹಣ್ಣು ಮಾಗಿದಾಗ ತಾನೇ ಉದುರುವುದರಿಂದ ಮರಗಳ ಕೆಳಗೆ ಬಲೆ ಕಟ್ಟಿರುತ್ತಾರೆ. ಮುಳ್ಳಿನ ಹೊದಿಕೆಯ ಆ ಭಾರದ ಹಣ್ಣು ತಲೆಯ ಮೇಲೆ ಬಿದ್ದರೆ ಅಪಾಯವಾದ್ದರಿಂದ, ತೋಟದವರಿಲ್ಲದೆ ಮಗುವನ್ನು ಮರದಡಿಗೆ ಬಿಡಲೇಬೇಡಿ.

ಸಂಜೆ ಸೊಳ್ಳೆಗಳು ಹೆಚ್ಚು, ಡೆಂಗಿಯ ಭಯವೂ ಇದೆ. ಡೆಂಗಿ ಹರಡುವ ಸೊಳ್ಳೆ ಹಗಲಲ್ಲೇ ಕಚ್ಚುವುದರಿಂದ ಬೆಳಗ್ಗೆಯೂ ತೆಳುವಾದ ತುಂಬುತೋಳಿನ ಅಂಗಿ ತೊಡಿಸಿ, ಮಕ್ಕಳಿಗೆ ಸೂಕ್ತವಾದ ಸೊಳ್ಳೆ ನಿವಾರಕವನ್ನು ವೈದ್ಯರನ್ನು ಕೇಳಿ ಒಯ್ಯಿರಿ. ಬಾಟು ಫೆರಿಂಗಿಗೆ ಒಂದು ದಿನ ಹೋಗಿ ಮರಳಿನಲ್ಲಿ ಆಡಿಸುವುದು ಸರಿಯೇ, ಆದರೆ ಆ ನೀರಿನಲ್ಲಿ ಕುಟುಕುವ ಲೋಳೆಮೀನುಗಳು ಬರುವುದುಂಟು. ಈಜಿಸಲು ಹೋಟೆಲಿನ ಕೊಳವೇ ಲೇಸು. ಅದೇ ದಿನ ತೆಲುಕ್ ಬಹಾಂಗ್‌ನ ಸಾಂಬಾರ ತೋಟವನ್ನೋ ಚಿಟ್ಟೆಗಳ ಉದ್ಯಾನವನ್ನೋ ಸೇರಿಸಿಕೊಳ್ಳಬಹುದು.

ನಗರದೊಳಗೆ ಮತ್ತು ಕಡಲತೀರಕ್ಕೆ ರಾಪಿಡ್ ಪೆನಾಂಗ್ ಬಸ್ಸುಗಳು ಸಾಕಾಗುತ್ತವೆ. 101 ಬಾಟು ಫೆರಿಂಗಿಗೂ 204 ಬೆಟ್ಟದ ಬುಡಕ್ಕೂ ಹೋಗುತ್ತವೆ. ಹಳ್ಳಿಗಳ ಕಡೆ ಬಸ್ಸು ಪೇಟೆಯವರೆಗೆ ಮಾತ್ರ ಅನುಕೂಲ, ಆದ್ದರಿಂದ ಆ ದಿನಗಳಿಗೆ ಕಾರು ಬಾಡಿಗೆಗೆ ಪಡೆಯಿರಿ. ವಾಹನ ಎಡಬದಿಯಲ್ಲೇ ಓಡುತ್ತದೆ. ಖಾಸಗಿ ಕಾರುಗಳಲ್ಲಿ ಮಕ್ಕಳ ಆಸನ ಮಲೇಷ್ಯಾದಲ್ಲಿ 2020ರಿಂದ ಕಡ್ಡಾಯವಾಗಿರುವುದರಿಂದ ಕಾಯ್ದಿರಿಸುವಾಗಲೇ ಅದನ್ನು ಕೇಳಿ ಪಡೆಯಿರಿ. ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಮಳೆ ಜೋರು; ದಿನಾಂಕ ನಿಮ್ಮ ಕೈಯಲ್ಲಿದ್ದರೆ ಜನವರಿ, ಫೆಬ್ರವರಿಯನ್ನು ಆರಿಸಿ. ವಿಮಾನ ನಿಲ್ದಾಣವಿರುವ ಬಯಾನ್ ಲೆಪಾಸ್ ದ್ವೀಪದ ಆಗ್ನೇಯದಲ್ಲಿದೆ. ಬಾಲಿಕ್ ಪುಲಾವ್‌ನಿಂದ ನೇರವಾಗಿ ಅಲ್ಲಿಗೆ ಹೋಗಬಹುದಾದ್ದರಿಂದ, ಹಳ್ಳಿಯ ದಿನಗಳನ್ನು ಕೊನೆಗೆ ಇಟ್ಟುಕೊಂಡರೆ ಹೊರಡುವ ದಿನ ಮತ್ತೆ ನಗರದ ವಾಹನದಟ್ಟಣೆಯನ್ನು ಹಾಯಬೇಕಾಗಿಲ್ಲ.