ಫ್ಯೂಯಲ್ ಪಂಪ್ ಹೊಸದು, ಆದರೂ ಪ್ರೆಷರ್ ಕುಣಿಯುತ್ತಿದೆ: ಇನ್ನೊಂದು ಪಂಪ್ ಹಾಕಿಸಬೇಕಾ?

ಈಗಲೇ ಬೇಡ. ನೀವು ಬರೆದದ್ದು ಇಷ್ಟು: 2006ರ ಪೆಟ್ರೋಲ್ ಕಾರು, ಕಳೆದ ತಿಂಗಳು ಟ್ಯಾಂಕಿನೊಳಗಿನ ಪಂಪ್ ಬದಲಾಯಿಸಿದ್ದೀರಿ, ಆಮೇಲೆ ಪೆಟ್ರೋಲ್ ಪ್ರೆಷರ್ ತೋರಿಸುವ ಗೇಜಿನ ಮುಳ್ಳು 1.8 ಬಾರ್‌ನಿಂದ 3.2ರವರೆಗೆ ಓಡಾಡುತ್ತಿದೆ, ಏರಿನಲ್ಲಿ ಗಾಡಿ ಜರ್ಕ್ ಹೊಡೆಯುತ್ತೆ. ಮೆಕ್ಯಾನಿಕ್ "ಪೀಸೇ ಡಿಫೆಕ್ಟು, ಬೇರೆ ತನ್ನಿ" ಅಂದಿದ್ದಾರೆ. ನನಗೂ ಹಾಗೇ ಹೇಳಿದ್ದರು. ಮರುಮಾತಾಡದೆ ತಂದುಕೊಟ್ಟೆ. ಎರಡನೇ ಹೊಸ ಪಂಪಿನಲ್ಲೂ ಮುಳ್ಳಿನ ಕುಣಿತ ಹಾಗೇ ಇತ್ತು.

ಆಮೇಲೆ ನಾನೇ ಕೂತೆ. ಉದ್ದ ಹೋಸ್ ಇರುವ ಗೇಜನ್ನು ಬಾನೆಟ್ ಸಂದಿಯಿಂದ ಹೊರಗೆ ತಂದು ಮುಂದಿನ ಗಾಜಿಗೆ ಟೇಪಿನಲ್ಲಿ ಅಂಟಿಸಿ (ಒಳಗೆ ಮಾತ್ರ ತರಬೇಡಿ, ಅದರೊಳಗೆ ಪೆಟ್ರೋಲ್ ಇರುತ್ತೆ) ಬೀದಿಯಲ್ಲಿ ಎರಡು ಸುತ್ತು ಹಾಕಿದೆ. ನೇರ ರಸ್ತೆಯಲ್ಲಿ ಎಲ್ಲ ಸರಿ. ಹಂಪ್ ಬಂದರೆ ಸಾಕು, ಮುಳ್ಳು ಕೆಳಗೆ. ಟ್ಯಾಂಕಿನಲ್ಲಿ ಪೆಟ್ರೋಲ್ ತುಳುಕುತ್ತಿದೆ, ಪಂಪಿನ ಬುಡಕ್ಕೆ ಸಿಗುತ್ತಿಲ್ಲ ಅಂತಲೇ ನಂಬಿದ್ದೆ. ಫುಲ್ ಟ್ಯಾಂಕ್ ಹಾಕಿಸಿದರೂ ಅದೇ ಕಥೆ. ಒಂದು ಭಾನುವಾರ ನಿಂತ ಗಾಡಿಯಲ್ಲೇ ಎಂಜಿನ್ ಓಡಲು ಬಿಟ್ಟು, ಭಾವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ನಾನು ಗೇಜ್ ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ಮುಳ್ಳು ಇಳಿಯಿತು.

"ಭಾವ, ಏನ್ ಮಾಡಿದ್ರಿ?"

"ಏನಿಲ್ಲಪ್ಪ, ಬ್ರೇಕ್ ಮೇಲೆ ಕಾಲಿಟ್ಟೆ ಅಷ್ಟೆ."

ಕಾಲು ತೆಗೆದರೆ ಮುಳ್ಳು ಮೇಲೆ, ಇಟ್ಟರೆ ಕೆಳಗೆ. ಹಂಪಿನ ಹತ್ತಿರ ನಾನು ಮಾಡುತ್ತಿದ್ದದ್ದೂ ಅದೇ ತಾನೆ, ಬ್ರೇಕ್ ಒತ್ತುವುದು!

ನನ್ನ ಗಾಡಿಯಲ್ಲಿ ಪಂಪಿನ ಅರ್ಥಿಂಗ್ ವೈರೂ (ಕರೆಂಟ್ ಗಾಡಿಯ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಹಿಂದಿನ ಲೈಟುಗಳ ಅರ್ಥಿಂಗ್ ವೈರೂ ಡಿಕ್ಕಿಯ ಮೂಲೆಯಲ್ಲಿ ಒಂದೇ ಬೋಲ್ಟಿಗೆ ಬಂದು ಸೇರುತ್ತವೆ. ಆ ಬೋಲ್ಟ್ ತುಕ್ಕು ಹಿಡಿದಿತ್ತು. ಲೆಕ್ಕ ನೋಡಿ: ಪಂಪ್ ಸುಮಾರು 5 ಆಂಪಿಯರ್ ಎಳೆಯುತ್ತೆ. ತುಕ್ಕಿನ ತಡೆ ಬರೀ 0.4 ಓಮ್ ಇದ್ದರೂ 2 ವೋಲ್ಟ್ ಅಲ್ಲೇ ಖರ್ಚು. 21 ವಾಟಿನ ಎರಡು ಬ್ರೇಕ್ ಬಲ್ಬು ಹತ್ತಿದರೆ ಇನ್ನೂ ಮೂರೂವರೆ ಆಂಪಿಯರ್ ಅದೇ ದಾರಿಯಲ್ಲಿ ನುಗ್ಗಿ, ನಷ್ಟ 3 ವೋಲ್ಟ್ ದಾಟುತ್ತೆ. 14 ವೋಲ್ಟ್ ಸಿಗಬೇಕಾದ ಪಂಪಿಗೆ ಸಿಕ್ಕಿದ್ದು ಹನ್ನೊಂದೂ ಇಲ್ಲ. ಹೊಟ್ಟೆಗಿಲ್ಲದ ಎತ್ತಿಗೆ ಎಷ್ಟು ಬಾರಿಸಿದರೂ ಗಾಡಿ ಏರು ಹತ್ತುತ್ತಾ? ಬೋಲ್ಟ್ ಬಿಚ್ಚಿ, ಎಮರಿ ಪೇಪರಿನಲ್ಲಿ ತಿಕ್ಕಿ, ಹೊಸ ವಾಷರ್ ಹಾಕಿ ಬಿಗಿ ಮಾಡಿದೆ. ಖರ್ಚು ಎರಡು ಟೀ.

ಹಾಗಾಗಿ ನೀವೂ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಎಂಜಿನ್ ಓಡುತ್ತಿರುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಪಂಪ್ ಕನೆಕ್ಟರಿನ ಅರ್ಥಿಂಗ್ ವೈರಿಗೆ. ಉದ್ದ ವೈರ್ ಬೇಕಾಗುತ್ತೆ. 0.2 ವೋಲ್ಟ್ ಒಳಗೆ ತೋರಿಸಿದರೆ ಚಿಂತೆಯಿಲ್ಲ. ಬ್ರೇಕ್, ಹೆಡ್‌ಲೈಟ್, ಹಿಂದಿನ ಗಾಜಿನ ಡಿಫಾಗರ್ ಒಂದೊಂದೇ ಹಾಕಿ ನೋಡಿ. ಇದೇ ರೀತಿ ಬ್ಯಾಟರಿ ಪಾಸಿಟಿವ್‌ನಿಂದ ಪಂಪಿನ ಪಾಸಿಟಿವ್‌ವರೆಗೂ ಅಳೆಯಿರಿ. ಅರ್ಧ ವೋಲ್ಟ್ ಮೀರಿದರೆ ರಿಲೇ (ಪಂಪಿಗೆ ಕರೆಂಟ್ ಬಿಡುವ ಸ್ವಿಚ್), ಫ್ಯೂಸ್ ಬುಡ, ಕನೆಕ್ಟರ್ ನೋಡಿ. ಹಳೆಯ ಪಂಪ್ ಸಾಯುವ ಮುಂಚೆ ಹೆಚ್ಚು ಕರೆಂಟ್ ಎಳೆದು ಕನೆಕ್ಟರಿನ ಪಿನ್ ಸುಟ್ಟಿರುವುದು ತೀರಾ ಮಾಮೂಲಿ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಸಂಶಯವೇ ಬೇಡ. ಕಿಟಕಿ ಬಾಗಿಲು ತೆರೆದಿಟ್ಟಿರಿ, ಪಂಪ್ ಓಡುತ್ತಿರುವಾಗ ಕನೆಕ್ಟರ್ ಎಳೆಯಬೇಡಿ. ಅಲ್ಲಿ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಅಳತೆಗೇ ಕೈ ಹಾಕಬೇಡಿ.

ವೋಲ್ಟೇಜ್ ಸರಿ ಇದ್ದರೆ ಮುಂದಿನ ಮಾತು. ನಿಮ್ಮದರಲ್ಲಿ ಟ್ಯಾಂಕಿಗೆ ವಾಪಸ್ ಹೋಗುವ ಪೈಪ್ ಇದೆ ಅಂದಿದ್ದೀರಿ, ಅಂದರೆ ಪ್ರೆಷರನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಸಾಮಾನ್ಯವಾಗಿ ಇಂಜೆಕ್ಟರ್ ರೈಲಿನ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್) ಪಕ್ಕದಲ್ಲೇ ಇರುತ್ತೆ. ಅದರ ಸಣ್ಣ ವ್ಯಾಕ್ಯೂಮ್ ಪೈಪ್ ತೆಗೆದರೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಿರುವಾಗ) ಪ್ರೆಷರ್ ಅರ್ಧ ಬಾರ್‌ನಷ್ಟು ಏರಬೇಕು. ಇದು ದೋಷವಲ್ಲ, ಅದರ ಕೆಲಸವೇ ಅದು. ಆ ಪೈಪಿನೊಳಗೆ ಪೆಟ್ರೋಲ್ ಕಂಡರೆ ರೆಗ್ಯುಲೇಟರಿನ ಡಯಾಫ್ರಮ್ (ಒಳಗಿನ ತೆಳು ಪರದೆ) ಹರಿದಿದೆ.

ಇನ್ನು ಟ್ಯಾಂಕಿನ ಒಳಗೆ. ಪಂಪಿನಿಂದ ಮೇಲಿನ ಮುಚ್ಚಳಕ್ಕೆ ಹೋಗುವ ಗೇಣುದ್ದದ ಹೋಸ್ ಹೊಸದು ಹಾಕಿದರಾ, ಯಾವುದು ಹಾಕಿದರು ಅಂತ ಕೇಳಿ. ಹೊರಗೆ ಹಾಕುವ ಮಾಮೂಲಿ ಹೋಸ್ ಪೆಟ್ರೋಲಿನಲ್ಲಿ ಮುಳುಗಿ ಕೂತರೆ ಊದಿ ಮೆತ್ತಗಾಗುತ್ತೆ, ಕ್ಲಿಪ್ಪಿನ ಹಿಡಿತ ತಪ್ಪುತ್ತೆ. ಮುಳುಗಿಸಿಡಲೆಂದೇ ಬೇರೆ ಹೋಸ್ ಇದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟ ಶೇ. 20 ಎಥನಾಲ್ ಪೆಟ್ರೋಲ್ ಈಗ ಬಂಕುಗಳಲ್ಲೆಲ್ಲ ಅದೇ. ಹಳೆ ಗಾಡಿಯ ರಬ್ಬರಿನ ವಿಷಯದಲ್ಲಿ ಅಗ್ಗಕ್ಕೆ ಆಸೆಪಡುವ ಕಾಲವಲ್ಲ ಇದು. ಒಳಗಿನ ಹೋಸ್ ಸಡಿಲಾಗಿ ಸೋರಿದರೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ಎಲ್ಲ ಟ್ಯಾಂಕಿಗೇ ಬೀಳುತ್ತೆ. ಪಂಪಿನ ಬುಡದಲ್ಲಿ ಕಸ ತಡೆಯುವ ಜಾಲರಿ ಮಡಚಿ ಕೂತಿದ್ದರೂ ಏರಿನಲ್ಲಿ ಇದೇ ತೊಂದರೆ.

ಪೆಟ್ರೋಲ್ ಫಿಲ್ಟರಿನ ಮೇಲಿರುವ ಬಾಣ ಎಂಜಿನ್ ಕಡೆಗಿದೆಯಾ ನೋಡಿ, ನಗಬೇಡಿ, ಉಲ್ಟಾ ಹಾಕಿದ್ದು ಕಂಡಿದ್ದೇನೆ. ಟ್ಯಾಂಕ್ ಬಿಚ್ಚುವುದಾದರೆ ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ, ಆಮೇಲೆ ಬ್ಯಾಟರಿ ನೆಗೆಟಿವ್ ಬಿಚ್ಚಿ, ಆಮೇಲೆ ಕೈ ಹಾಕಿ.

ಬ್ರೇಕ್ ಒತ್ತದೆ ಒಂದು, ಒತ್ತಿ ಒಂದು, ಅರ್ಥಿಂಗಿನ ಎರಡು ರೀಡಿಂಗ್ ಇಲ್ಲೇ ಕೆಳಗೆ ಬರೆಯಿರಿ. ಮುಂದೆ ಎಲ್ಲಿ ಬಿಚ್ಚಬೇಕು ಅಂತ ನೋಡೋಣ.